ಋತುಚರ್ಯೆ ಮತ್ತು ನಮ್ಮ ಹಿತ್ತಲ ತೋಟ

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಚಿಕಿತ್ಸಾಲಯಕ್ಕೆ ಬರುವ ಸದ್ಭಕ್ತರಲ್ಲಿ ಅನೇಕರು ಔಷಧದ ಚೀಟಿ ಕೈಗೆ ಬಂದ ಮೇಲೆಯೂ ಎದ್ದುಹೋಗದೆ ಮತ್ತೊಂದು ಪ್ರಶ್ನೆ ಕೇಳುವುದು ಪ್ರತಿ ವರ್ಷದ ವಾಡಿಕೆಯಾಗಿದೆ. “ಸಾಹೇಬ್ರ, ಹಿತ್ತಲದಾಗ ನಾಕು ಔಷಧಿ ಗಿಡಾ, ನಾಕು ಕಾಯಿಪಲ್ಲೆ ಹಚ್ಚಬೇಕಂತ ಮಾಡೇವಿ. ಯಾವ್ಯಾವ ಹಚ್ಚಿದರ ಚಲೋ?” ಎಂಬುದೇ ಆ ಪ್ರಶ್ನೆ. ಮೊದಮೊದಲು ನಾವು ಹತ್ತು ಗಿಡಗಳ ಹೆಸರನ್ನು ಬರೆದುಕೊಟ್ಟು ಕಳುಹಿಸುತ್ತಿದ್ದೆವು. ಅವರು ಹೋಗಿ ಸಸಿ ತಂದು ನೆಡುತ್ತಿದ್ದರು. ಅವುಗಳಲ್ಲಿ ಏಳು ಗಿಡಗಳು ದೀಪಾವಳಿಯ ಒಳಗೆ ಸತ್ತು, ಉಳಿದ ಮೂರು ಯುಗಾದಿಗೆ ಒಣಗುತ್ತಿದ್ದವು. ಹೆಸರು ಹೇಳಿದರೆ ಸಾಲದು, ಯಾವ ಕಾಲದಲ್ಲಿ ಏನು ಬದುಕುತ್ತದೆ, ಏನು ಸಾಯುತ್ತದೆ, ತೋಟದಿಂದ ಮನೆಯವರ ಆರೋಗ್ಯಕ್ಕೆ ಬರುವ ಲಾಭವೇನು, ಅಪಾಯವೇನು ಎಂಬುದನ್ನೂ ಹೇಳಬೇಕು ಎಂದು ನಮಗೆ ಮನವರಿಕೆಯಾಗಲು ಬಹಳ ವರ್ಷಗಳು ಬೇಕಾದವು. ಹೌದು, ಅಪಾಯ ಎಂಬ ಮಾತನ್ನು ತಿಳಿದೇ ಬಳಸಿದ್ದೇವೆ. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ಧಾರವಾಡದಲ್ಲಿ ನಮ್ಮದು ಮೂವತ್ತು–ನಲ್ವತ್ತು ಅಡಿಯ ಸಾಮಾನ್ಯ ನಿವೇಶನ. ಮನೆಯ ಹಿಂದೆ ಉಳಿದ ಒಂದು ಪಟ್ಟಿ ನೆಲ, ಮಾಳಿಗೆಯ ಮೇಲೆ ನಲ್ವತ್ತರಷ್ಟು ಕುಂಡಗಳು, ಇಷ್ಟೇ ನಮ್ಮ ತೋಟ. ಊರಿನ ಪಶ್ಚಿಮಕ್ಕೆ ಕೆಂಪು ಮಣ್ಣು, ಪೂರ್ವಕ್ಕೆ ಹೋದಂತೆ ಎರೆ ಮಣ್ಣು. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ; ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ತಿಂಗಳಲ್ಲಿಯೇ ಬಿದ್ದುಹೋಗುತ್ತದೆ. ಉಳಿದ ಏಳು ತಿಂಗಳು ತೋಟವು ನಮ್ಮ ಕೈಯ ತಂಬಿಗೆಯನ್ನೇ ನೋಡುತ್ತಿರುತ್ತದೆ.

ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯದಲ್ಲಿಯೂ, ವಾಗ್ಭಟರ ಅಷ್ಟಾಂಗಹೃದಯದ ಮೂರನೆಯ ಅಧ್ಯಾಯದಲ್ಲಿಯೂ ವರ್ಷವನ್ನು ಆದಾನ ಮತ್ತು ವಿಸರ್ಗ ಎಂದು ಎರಡಾಗಿ ವಿಭಾಗಿಸಲಾಗಿದೆ. ಶಿಶಿರ, ವಸಂತ, ಗ್ರೀಷ್ಮಗಳು ಆದಾನಕಾಲ. ಸೂರ್ಯನು ಭೂಮಿಯ ಸಾರವನ್ನೂ ಜೀವಿಗಳ ಬಲವನ್ನೂ ಹೀರಿಕೊಳ್ಳುವ ಕಾಲ. ವರ್ಷಾ, ಶರತ್, ಹೇಮಂತಗಳು ವಿಸರ್ಗಕಾಲ. ಕಸಿದುಕೊಂಡದ್ದನ್ನು ಮರಳಿ ಕೊಡುವ ಕಾಲ. ವಿದ್ಯಾರ್ಥಿದೆಸೆಯಲ್ಲಿ ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆವು. ಅದರ ಅರ್ಥ ತಿಳಿದದ್ದು ಮಾತ್ರ ಮಾಳಿಗೆಯ ಮೇಲೆ ಬೆಂಡೆಯ ಗಿಡಗಳು ಏಪ್ರಿಲ್ ತಿಂಗಳ ಮಧ್ಯಾಹ್ನ ತಲೆ ಬಾಗಿಸಿ ನಿಂತದ್ದನ್ನು ನೋಡಿದಾಗ. ಇಲ್ಲಿ ಒಂದು ಮಾತನ್ನು ಓದುಗರು ಗಮನಿಸಬೇಕು. ಗ್ರಂಥಗಳು ಶ್ರಾವಣ–ಭಾದ್ರಪದಗಳನ್ನು ವರ್ಷಾಋತು ಎನ್ನುತ್ತವೆ. ನಮ್ಮ ನಾಡಿನಲ್ಲಿ ಮುಂಗಾರು ಜ್ಯೇಷ್ಠದಲ್ಲಿಯೇ ಬಂದುಬಿಡುತ್ತದೆ. ಪಂಚಾಂಗದ ತಿಂಗಳನ್ನು ಹಿಡಿದು ಕುಳಿತವನ ತೋಟ ಒಂದು ತಿಂಗಳು ಹಿಂದೆ ಬೀಳುತ್ತದೆ. ಪ್ರಾಚೀನರಿಗೂ ಇದು ತಿಳಿಯದ ಸಂಗತಿಯಲ್ಲ. ಮಳೆಯ ಮೊದಲ ಭಾಗಕ್ಕೆ ‘ಪ್ರಾವೃಟ್’ ಎಂದು ಪ್ರತ್ಯೇಕ ಹೆಸರನ್ನೇ ಅವರು ಇಟ್ಟಿದ್ದಾರೆ. ಆದ್ದರಿಂದ ಋತುವನ್ನು ಆಕಾಶ ನೋಡಿ ಗುರುತಿಸಬೇಕೆಂಬುದು ನಮ್ಮ ಅಭಿಪ್ರಾಯ.

ಗ್ರೀಷ್ಮದಿಂದಲೇ ಆರಂಭಿಸೋಣ, ಏಕೆಂದರೆ ಬಹುಜನರು ತೋಟವನ್ನು ತಪ್ಪಾಗಿ ಆರಂಭಿಸುವುದು ಈ ಕಾಲದಲ್ಲಿಯೇ. ಮಕ್ಕಳಿಗೆ ರಜೆ, ಮನೆಯಲ್ಲಿ ಕೈಗಳು ಬಿಡುವಾಗಿರುತ್ತವೆ. ಸಸ್ಯಪಾಲನಾ ಕೇಂದ್ರದಲ್ಲಿ ಗಿಡಗಳು ನೆರಳುಬಲೆಯ ಕೆಳಗೆ ಹಸುರಾಗಿ ಕಾಣುತ್ತವೆ. ನಾವೂ ಮೊದಲ ವರ್ಷ ಮೇ ತಿಂಗಳಿನಲ್ಲಿ ಇಪ್ಪತ್ತು ಸಸಿಗಳನ್ನು ತಂದು ಮಾಳಿಗೆಯ ಮೇಲೆ ಇಟ್ಟೆವು. ಊರಿನ ಉಷ್ಣಾಂಶ 37–38 ಡಿಗ್ರಿ ಇದ್ದರೆ ಕಾಯ್ದ ಕಾಂಕ್ರೀಟಿನ ಮೇಲೆ ಇರಿಸಿದ ಕಪ್ಪು ಪ್ಲಾಸ್ಟಿಕ್ ಕುಂಡದ ಒಳಗೆ ಬೇರು ಬೇಯುತ್ತದೆ ಎಂಬುದು ನಮಗೆ ಹೊಳೆಯಲಿಲ್ಲ. ಎಲೆ ಬಾಡಿದ್ದನ್ನು ಕಂಡು ಮಧ್ಯಾಹ್ನ ನೀರು ಹಾಕಿದೆವು, ಮತ್ತೆ ಸಂಜೆ ಹಾಕಿದೆವು. ಹದಿನೈದು ದಿನಗಳಲ್ಲಿ ಹದಿನಾರು ಗಿಡಗಳು ಹೋದವು. ಕೆಲವು ಬಿಸಿಲಿಗೆ ಹೋದವು, ಕೆಲವು ನಮ್ಮ ಅತಿಪ್ರೀತಿಯ ನೀರಿಗೆ ಬೇರು ಕೊಳೆತು ಹೋದವು. ರೋಗಿಯ ಜ್ವರಕ್ಕೆ ಕಾರಣ ನೋಡದೆ ಔಷಧ ಕೊಟ್ಟರೆ ಏನಾಗುತ್ತದೆಯೋ ಇದೂ ಹಾಗೆಯೇ ಆಯಿತು.

ಗ್ರೀಷ್ಮದಲ್ಲಿ ಹೊಸದನ್ನು ನೆಡಬಾರದು, ಇರುವುದನ್ನು ಉಳಿಸಿಕೊಳ್ಳಬೇಕು. ಕುಂಡಗಳನ್ನು ಒತ್ತೊತ್ತಾಗಿ ಇರಿಸಿ, ಕೆಳಗೆ ಇಟ್ಟಿಗೆಯ ಚೂರು ಕೊಟ್ಟು, ಮಣ್ಣಿನ ಮೇಲೆ ಒಣ ಎಲೆ ಅಥವಾ ಕಬ್ಬಿನ ರವದಿಯನ್ನು ಎರಡು ಅಂಗುಲದಷ್ಟು ಹೊದಿಸಬೇಕು. ನೀರನ್ನು ಸೂರ್ಯೋದಯಕ್ಕೆ ಮೊದಲು ಅಥವಾ ಇಳಿಹೊತ್ತಿನಲ್ಲಿ ಹಾಕಬೇಕು. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ, ತೇವವಿದ್ದರೆ ಅಂದು ಬೇಡ. ನೆಲದಲ್ಲಿ ಬೆಳೆದ ಗಿಡಗಳಿಗೆ ಹಳೆಯ ಕಾಲದ ಗಡಿಗೆಯ ಉಪಾಯಕ್ಕಿಂತ ಮಿಗಿಲಾದುದನ್ನು ನಾವು ಕಂಡಿಲ್ಲ. ಕುಂಬಾರನಿಂದ ಐದಾರು ಲೀಟರ್ ಹಿಡಿಯುವ ಹೊಸ ಮಣ್ಣಿನ ಗಡಿಗೆಯನ್ನು ತಂದು, ಕಂಠ ಮಾತ್ರ ಮೇಲೆ ಕಾಣುವಂತೆ ಹೂಳಿ, ನೀರು ತುಂಬಿ, ಬಾಯಿಗೆ ಮುಚ್ಚಳವಿಡಬೇಕು. ಗಡಿಗೆಯ ಮೈಯಿಂದ ನೀರು ಜಿನುಗಿ ಸುತ್ತಲಿನ ನಾಲ್ಕು ಗಿಡಗಳ ಬೇರಿಗೆ ತಾನಾಗಿ ತಲುಪುತ್ತದೆ. ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದ 2023ನೆಯ ವರ್ಷದ ನಂತರ ಬಂದ ಬೇಸಿಗೆಯಲ್ಲಿ ನಮ್ಮ ಕರಿಬೇವು, ನಿಂಬೆ, ನುಗ್ಗೆಗಳು ಉಳಿದದ್ದು ಮೂರು ಗಡಿಗೆಗಳಿಂದ ಮತ್ತು ಕಾಯಿಪಲ್ಲೆ ತೊಳೆದ ನೀರಿನಿಂದ. ಉಳಿದುದೆಲ್ಲವನ್ನೂ ಆ ವರ್ಷ ಬಿಟ್ಟುಕೊಟ್ಟೆವು. ಮನೆಯವರಿಗೆ ಕುಡಿಯಲು ಸಾಲದ ನೀರನ್ನು ಗುಲಾಬಿಗೆ ಹಾಕುವುದು ನಮಗೆ ಸರಿ ಕಾಣಲಿಲ್ಲ.

ಇನ್ನು ಮಳೆಗಾಲ. ರೋಹಿಣಿಯಲ್ಲಿ ಮಣ್ಣು ಹದ ಮಾಡಿಕೊಂಡು ಮೃಗಶಿರಾದಲ್ಲಿ ಬೀಜ ಬಿಡುವುದು ನಮ್ಮ ರೈತರ ಕ್ರಮ. ಹಿತ್ತಲಿಗೂ ಅದೇ ಲೇಸು. ಒಂದು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಮರಳು ಅಥವಾ ತೆಂಗಿನ ನಾರಿನ ಪುಡಿ. ಕುಂಡಕ್ಕೆ ಇದು ಸಾಕು. ಎರೆ ಮಣ್ಣು ಇರುವವರು ಮರಳನ್ನು ಹೆಚ್ಚಿಸಬೇಕು, ಇಲ್ಲವಾದರೆ ಆರಿದ್ರಾ ಮಳೆಗೆ ಕುಂಡ ಕೆಸರಿನ ಗಡಿಗೆಯಾಗುತ್ತದೆ. ಹೀರೆ, ಹಾಗಲ, ಪಡವಲ, ಸೋರೆ, ಚವಳಿ, ಬೆಂಡೆ ಇವೆಲ್ಲ ಈ ಕಾಲದ ಬೆಳೆಗಳು. ಬೆಂಡೆಗೆ ಹಳದಿ ನರದ ರೋಗ ಬಂದರೆ ಔಷಧವಿಲ್ಲ, ಗಿಡವನ್ನು ಕಿತ್ತೊಗೆಯುವುದೇ ಉಳಿದ ದಾರಿ. ಆದ್ದರಿಂದ ಮೊದಲೇ ಆ ರೋಗವನ್ನು ತಡೆದುಕೊಳ್ಳುವ ‘ಅರ್ಕಾ ಅನಾಮಿಕಾ’ ತಳಿಯ ಬೀಜ ತರುವುದು ಜಾಣತನ. ಹೀರೆಯ ಹೂವು ಸಂಜೆಗೆ ಅರಳುತ್ತದೆ. ಮಾಳಿಗೆಯ ಮೇಲೆ ಆ ಹೊತ್ತಿಗೆ ದುಂಬಿ ಬಾರದಿದ್ದರೆ ಕಾಯಿ ಕಟ್ಟುವುದಿಲ್ಲ. ಗಂಡು ಹೂವನ್ನು ಕಿತ್ತು, ಎಸಳು ಮಡಿಸಿ, ಹಿಂದೆ ಎಳೆಗಾಯಿ ಇರುವ ಹೆಣ್ಣು ಹೂವಿಗೆ ಮುಟ್ಟಿಸಿದರೆ ಆಯಿತು. ನಮ್ಮ ಮನೆಯವರು ಸಂಜೆಯ ದೀಪ ಹಚ್ಚುವ ಮೊದಲು ಈ ಕೆಲಸ ಮುಗಿಸಿ ಬರುತ್ತಾರೆ.

ಸೊಪ್ಪಿನ ವಿಷಯದಲ್ಲಿ ಒಂದು ಎಚ್ಚರಿಕೆ. ವರ್ಷಾಋತುವಿನಲ್ಲಿ ಜಠರಾಗ್ನಿ ಮಂದವಾಗಿರುತ್ತದೆ, ವಾತವು ಪ್ರಕೋಪಗೊಳ್ಳುತ್ತದೆ, ಪಿತ್ತವು ಒಳಗೇ ಸಂಚಯವಾಗುತ್ತದೆ ಎಂದು ಶಾಸ್ತ್ರವು ಹೇಳುತ್ತದೆ. ಶ್ರಾವಣದಲ್ಲಿ ಹಸಿ ಸೊಪ್ಪನ್ನು ಹಿರಿಯರು ಕಡಿಮೆ ಮಾಡುತ್ತಿದ್ದುದಕ್ಕೆ ಇದು ಒಂದು ಕಾರಣವಾದರೆ, ನೆಲಕ್ಕೆ ಹತ್ತಿದ ಎಲೆಗೆ ಕೆಸರು ಸಿಡಿದು ಅದರೊಡನೆ ಜಂತಿನ ತತ್ತಿಗಳೂ ಬರುತ್ತವೆ ಎಂಬುದು ಇನ್ನೊಂದು ಕಾರಣ. ಒಂದೆಲಗದ ಹಸಿ ಚಟ್ನಿ ಬುದ್ಧಿಗೆ ಒಳ್ಳೆಯದೆಂದು ಮಳೆಗಾಲದಲ್ಲಿ ಚರಂಡಿಯ ಬದಿಯಿಂದ ಕಿತ್ತು ತಂದು ತಿಂದು, ಭೇದಿ ಹಿಡಿದು ಬಂದವರನ್ನು ನಾವು ನೋಡಿದ್ದೇವೆ. ಕುಂಡದಲ್ಲಿ ಬೆಳೆಯಿರಿ, ಮೂರು ನೀರಿನಲ್ಲಿ ತೊಳೆಯಿರಿ, ಈ ಎರಡು ತಿಂಗಳು ಬೇಯಿಸಿಯೇ ತಿನ್ನಿರಿ.

2019ರ ಆಗಸ್ಟ್‌ನಲ್ಲಿ ನಮ್ಮ ಭಾಗದಲ್ಲಿ ಸುರಿದ ಮಳೆಯನ್ನು ಯಾರೂ ಮರೆತಿರಲಾರರು. ಮನೆಗಳೇ ಕುಸಿದ ಆ ದಿನಗಳಲ್ಲಿ ತೋಟದ ಮಾತೆತ್ತುವುದೇ ಸಂಕೋಚ. ಹಿತ್ತಲಲ್ಲಿ ಐದು ದಿನ ನೀರು ನಿಂತು ಹನ್ನೆರಡು ವರ್ಷದ ನೆಲ್ಲಿಯ ಗಿಡ ಬೇರು ಕೊಳೆತು ಬಿದ್ದಿತು. ಪರಂಗಿ, ಲೋಳೆಸರ ಉಳಿಯಲಿಲ್ಲ. ಅಚ್ಚರಿಯೆಂದರೆ ನಿರ್ಲಕ್ಷ್ಯಕ್ಕೆ ಒಳಗಾಗಿದ್ದ ಆಡುಸೋಗೆ ಮತ್ತು ಗೋಡೆಯ ಮೇಲಿನ ಅಮೃತಬಳ್ಳಿ ಏನೂ ಆಗದವರಂತೆ ಇದ್ದವು. ಅಂದಿನಿಂದ ಹಿತ್ತಲಿನಲ್ಲಿ ಏನನ್ನು ನೆಟ್ಟರೂ ಅರ್ಧ ಅಡಿ ಎತ್ತರದ ಮಡಿಯ ಮೇಲೆಯೇ ನೆಡುತ್ತೇವೆ.

ಆದರೆ ತೋಟವು ನಮಗೆ ಕಲಿಸಿದ ಅತ್ಯಂತ ಕಠಿಣವಾದ ಪಾಠ ಗಿಡಕ್ಕೆ ಸಂಬಂಧಿಸಿದ್ದಲ್ಲ. 2024ರ ಜುಲೈ ತಿಂಗಳಲ್ಲಿ, ಏಳು ವರ್ಷದ ನಮ್ಮ ಮೊಮ್ಮಗನಿಗೆ ಜ್ವರ ಬಂದಿತು. ಕಣ್ಣಿನ ಹಿಂದೆ ನೋವು, ಮೈಕೈ ನೋವು, ಊಟ ಬೇಡ. ಶಾಲೆಯಲ್ಲಿ ಜ್ವರ ಹರಡಿದೆ, ಅಲ್ಲಿಂದ ತಂದಿದ್ದಾನೆ ಎಂದು ಮೊದಲ ದಿನ ನಾವೇ ತೀರ್ಮಾನಿಸಿದೆವು. ಎರಡನೆಯ ದಿನ ರಕ್ತ ಪರೀಕ್ಷೆ ಮಾಡಿಸಿದಾಗ ಡೆಂಗಿ ಎಂದು ಬಂದಿತು. ಮೂರನೆಯ ದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆಯೊಬ್ಬರು ಲಾರ್ವಾ ಸಮೀಕ್ಷೆಗೆಂದು ಓಣಿಯ ಮನೆಮನೆಗೆ ಬಂದವರು ನಮ್ಮ ಮಾಳಿಗೆಯನ್ನೂ ಹತ್ತಿದರು. ನಾವು ಜೊತೆಗೆ ಹೋದೆವು, ತೋಟವನ್ನು ಹೊಗಳುತ್ತಾರೆ ಎಂಬ ನಿರೀಕ್ಷೆ ಒಳಗೆಲ್ಲೋ ಇತ್ತು. ಅವರು ಟಾರ್ಚ್ ಹಿಡಿದು ಕುಂಡಗಳ ಕೆಳಗಿನ ತಟ್ಟೆಗಳನ್ನು ಒಂದೊಂದಾಗಿ ಎಳೆದು ನೋಡಿದರು. ತುಳಸಿಯ ತಟ್ಟೆಯಲ್ಲಿ, ದೊಡ್ಡಪತ್ರೆಯ ತಟ್ಟೆಯಲ್ಲಿ, ಹನಿ ಹಾಕುವ ಡಬ್ಬಿಯಲ್ಲಿ, ತಲೆಕೆಳಗು ಮಾಡದೆ ಬಿಟ್ಟ ಖಾಲಿ ಕುಂಡದಲ್ಲಿ, ಎಲ್ಲೆಡೆಯೂ ತಿಳಿನೀರಿನಲ್ಲಿ ಮರಿಗಳು ಬಳುಕುತ್ತ ಮೇಲೆ ಕೆಳಗೆ ಆಡುತ್ತಿದ್ದವು. “ಸಾಹೇಬ್ರ, ತಪ್ಪ ತಿಳ್ಕೋಬ್ಯಾಡ್ರಿ, ಇಡೀ ಓಣ್ಯಾಗ ಹೆಚ್ಚ ಹುಳಾ ನಿಮ್ಮ ಮನ್ಯಾಗ ಸಿಕ್ಕಾವ” ಎಂದರು ಆ ತಾಯಿ. ಅವರ ಧ್ವನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಸಂಕೋಚವಿತ್ತು. ಜನರಿಗೆ ಆರೋಗ್ಯ ಹೇಳುವ ವೈದ್ಯನ ಮನೆಯ ಔಷಧಿವನದಲ್ಲಿಯೇ ಓಣಿಯ ರೋಗದ ಬೀಜ ಮೊಳೆಯುತ್ತಿತ್ತು. ಅದೇ ವಾರ ಎರಡು ಮನೆಯಾಚೆಯ ಬಸುರಿ ಹೆಣ್ಣುಮಗಳಿಗೂ ಅದೇ ಜ್ವರ ಬಂದಿತ್ತು. ಯಾವ ಸೊಳ್ಳೆ ಯಾರ ಮನೆಯದೆಂದು ಯಾರೂ ಹೇಳಲಾರರು, ಆ ಮನೆಯವರು ಇಂದಿಗೂ ನಮಗೆ ಒಂದು ಮಾತು ಆಡಿಲ್ಲ. ನಾವು ಮಾತ್ರ ಅವರ ಬಾಗಿಲ ಮುಂದೆ ಹಾಯುವಾಗಲೆಲ್ಲ ಅದನ್ನು ನೆನೆಯುತ್ತೇವೆ.

ಮಗು ಐದನೆಯ ದಿನ ಜ್ವರ ಬಿಟ್ಟು ಮಂಕಾಗಿ ಮಲಗಿತು, ಹೊಟ್ಟೆನೋವು ಎಂದು ಅತ್ತಿತು, ಮೂರು ಸಲ ವಾಂತಿ ಮಾಡಿತು. ಜ್ವರ ಬಿಟ್ಟಿತಲ್ಲ ಎಂದು ಮನೆಯವರು ಸಮಾಧಾನಪಟ್ಟುಕೊಂಡ ಗಳಿಗೆಯೇ ಡೆಂಗಿಯಲ್ಲಿ ಅಪಾಯದ ಗಳಿಗೆ ಎಂಬುದು ಸದ್ಭಕ್ತರೆಲ್ಲರಿಗೂ ತಿಳಿದಿರಬೇಕು. ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದ ನಡುವೆ, ಜ್ವರ ಇಳಿಯುವಾಗ, ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯಬಹುದು. ಬಿಡದ ವಾಂತಿ, ತೀವ್ರ ಹೊಟ್ಟೆನೋವು, ಒಸಡು ಅಥವಾ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನಾವು ಒಯ್ದೆವು, ಎರಡು ದಿನ ರಕ್ತನಾಳದ ಮೂಲಕ ದ್ರವ ಕೊಟ್ಟರು, ಮಗು ಚೇತರಿಸಿಕೊಂಡಿತು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೇನ್ ಮೊದಲಾದ ನೋವಿನ ಗುಳಿಗೆಗಳು ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಕೂಡದು. ಪರಂಗಿ ಎಲೆಯ ರಸದ ವಿಷಯವನ್ನು ಎಲ್ಲರೂ ಕೇಳುತ್ತಾರೆ. ಆಯುರ್ವೇದ ವೈದ್ಯರಾಗಿ ನಮ್ಮ ಉತ್ತರ ಇದು: ಆ ರಸವನ್ನು ನೆಚ್ಚಿ ಆಸ್ಪತ್ರೆಗೆ ಹೋಗುವುದನ್ನು ಒಂದು ತಾಸು ಮುಂದೂಡಿದರೂ ತಪ್ಪು. ವಾಂತಿಯಾಗುತ್ತಿರುವ ಮಗುವಿಗೆ ಆ ಕಹಿಯನ್ನು ಬಲವಂತವಾಗಿ ಕುಡಿಸುವುದು ಇನ್ನೂ ದೊಡ್ಡ ತಪ್ಪು. ಅಂಬಲಿ, ಎಳನೀರು, ಗಂಜಿಯ ತಿಳಿ, ಜೀವಜಲದ ದ್ರಾವಣ, ಹೀಗೆ ದ್ರವವೇ ಆ ಹೊತ್ತಿನ ಔಷಧ.

ಈಗ ಕಾರಣಕ್ಕೆ ಬರೋಣ. ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಕೊಳಚೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಮನೆಯ ಸುತ್ತ ನಿಂತ ಸ್ವಚ್ಛವಾದ ನೀರೇ ಅದಕ್ಕೆ ಬೇಕು. ಹಗಲಿನಲ್ಲಿ ಕಚ್ಚುತ್ತದೆ, ಆದ್ದರಿಂದ ರಾತ್ರಿಯ ಸೊಳ್ಳೆಪರದೆಯೊಂದೇ ಸಾಲದು. ಮಳೆಗಾಲದ ಬೆಚ್ಚನೆಯ ದಿನಗಳಲ್ಲಿ ತತ್ತಿಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ತತ್ತಿಯನ್ನು ನೀರಿನ ಅಂಚಿನ ಮೇಲಿನ ಗೋಡೆಗೆ ಅಂಟಿಸುತ್ತದೆ, ನೀರು ಆರಿದರೂ ಆ ತತ್ತಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು ಮುಂದಿನ ಮಳೆಗೆ ಒಡೆಯುತ್ತದೆ. ಆದಕಾರಣ ತಟ್ಟೆಯ ನೀರನ್ನು ಚೆಲ್ಲಿದರಷ್ಟೇ ಸಾಲದು. ಒಳಮೈಯನ್ನು ಕುಂಚದಿಂದ ಉಜ್ಜಿ ತೊಳೆಯಬೇಕು. ವಾರಕ್ಕೊಂದು ದಿನ ಮನೆಯ ಎಲ್ಲ ಪಾತ್ರೆಗಳನ್ನೂ ಬರಿದು ಮಾಡಿ ಉಜ್ಜಿ ಒಣಗಿಸಿದರೆ ಮರಿಯು ಸೊಳ್ಳೆಯಾಗುವ ಮೊದಲೇ ಅದರ ಸರಪಳಿ ಕಡಿಯುತ್ತದೆ. ಏಳು ದಿನಕ್ಕೊಮ್ಮೆ ಎಂಬ ಲೆಕ್ಕದ ಹಿಂದಿರುವ ಕಾರಣ ಇಷ್ಟೇ. ನಮ್ಮಲ್ಲಿ ನಲ್ಲಿಯ ನೀರು ದಿನವೂ ಬಾರದ ಕಾರಣ ಪ್ರತಿ ಮನೆಯಲ್ಲಿಯೂ ಪೀಪಾಯಿಗಳು ಇರುತ್ತವೆ. ಅವುಗಳ ಬಾಯಿಗೆ ತೆಳುಬಟ್ಟೆ ಬಿಗಿದು ಕಟ್ಟಬೇಕು. ಬರಿದು ಮಾಡಲಾಗದ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು. ಆ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಪಡಿಸಿತು. ನಮಗೆ ದಂಡ ಬೀಳಲಿಲ್ಲ. ಬೀಳಬೇಕಾಗಿತ್ತು ಎಂದು ಅನೇಕ ಸಲ ಅನಿಸಿದೆ.

ಅಂದೇ ಎಲ್ಲ ತಟ್ಟೆಗಳನ್ನೂ ತೆಗೆದೆವು. ಇಂದು ನಮ್ಮ ಕುಂಡಗಳು ಇಟ್ಟಿಗೆಯ ಮೇಲೆ ಕುಳಿತಿವೆ. ಸೋರಿದ ನೀರು ಮಾಳಿಗೆಯ ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಬಳ್ಳಿ ಬೆಳೆಸುವ ಈಗಿನ ರೂಢಿಯನ್ನು ಸೊಸೆಗೆ ಹೇಳಿ ನಿಲ್ಲಿಸಿದ್ದೇವೆ. ಗಡಿಗೆಗಳ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಮಳೆ ಬಂದ ಮರುದಿನ ನೋಡುತ್ತೇವೆ.

ಶೀಗಿ ಹುಣ್ಣಿಮೆಯ ಸುಮಾರಿಗೆ ಶರದೃತು. ಮಳೆಯಲ್ಲಿ ಸಂಚಯವಾದ ಪಿತ್ತವು ಬಿಸಿಲು ಹೊಡೆದೊಡನೆ ಕೆರಳುತ್ತದೆ; ಚಿಕಿತ್ಸಾಲಯದಲ್ಲಿ ಹುಳಿತೇಗು, ಉರಿ, ಪಿತ್ತದ ಗಂಧೆ ಎಂದು ಬರುವವರ ಸಾಲು ಬೆಳೆಯುತ್ತದೆ. ಶಾಸ್ತ್ರವು ಈ ಋತುವಿಗೆ ತಿಕ್ತರಸವನ್ನು ವಿಧಿಸಿದೆ, ಹಿತ್ತಲಲ್ಲಿ ಆಗಲೇ ಹಾಗಲ, ಪಡವಲಗಳು ತೂಗುತ್ತಿರುತ್ತವೆ. ಹಾಗಲಕ್ಕೆ ಹಣ್ಣುನೊಣದ ಕಾಟ ಬಹಳ. ಕಾಯಿ ಹೆಬ್ಬೆರಳಿನಷ್ಟಾದಾಗಲೇ ಕಾಗದದ ಚೀಲ ತೊಡಿಸಿದರೆ ಹುಳು ಬೀಳದು. ಮಧುಮೇಹಕ್ಕೆಂದು ಗುಳಿಗೆ ತೆಗೆದುಕೊಳ್ಳುವವರು ಹಾಗಲದ ರಸವನ್ನೂ ದಿನವೂ ಕುಡಿಯತೊಡಗಿದರೆ ರಕ್ತದ ಸಕ್ಕರೆ ಬೇಕಾದುದಕ್ಕಿಂತ ಕೆಳಗಿಳಿಯಬಹುದು. ಪಲ್ಯವಾಗಿ ತಿನ್ನಿ, ರಸವನ್ನು ವೈದ್ಯರಿಗೆ ಹೇಳಿ ಕುಡಿಯಿರಿ.

ಅಮೃತಬಳ್ಳಿಯ ಬಗೆಗೂ ಇಲ್ಲಿಯೇ ಹೇಳಿಬಿಡಬೇಕು. ಕೊರೋನಾ ವರ್ಷಗಳಲ್ಲಿ ಈ ಬಳ್ಳಿ ಇಲ್ಲದ ಕಂಪೌಂಡೇ ಇರಲಿಲ್ಲ. ನಾವೇ ನೂರಾರು ತುಂಡುಗಳನ್ನು ಹಂಚಿದ್ದೇವೆ. ಆ ಕಾಲದಲ್ಲಿ ಮಧ್ಯವಯಸ್ಸಿನ ಒಬ್ಬ ಗೃಹಿಣಿ ಎಲ್ಲಿಂದಲೋ ತಂದ ಬಳ್ಳಿಯ ಕಷಾಯವನ್ನು ನಾಲ್ಕು ತಿಂಗಳು ಬಿಡದೆ ಕುಡಿದು, ಕಣ್ಣು ಹಳದಿಯಾಗಿ ನಮ್ಮಲ್ಲಿಗೆ ಬಂದರು. ಅವರು ತಂದು ತೋರಿಸಿದ ಕಾಂಡದ ಮೈತುಂಬ ನರಹುಲಿಯಂಥ ಗಂಟುಗಳಿದ್ದವು. ಅಸಲಿ ಅಮೃತಬಳ್ಳಿಯ ಕಾಂಡದ ಮೇಲೆ ಕಾಗದದಂಥ ತೆಳುಸಿಪ್ಪೆ ಇರುತ್ತದೆ, ಸಣ್ಣ ಚುಕ್ಕೆಗಳಿರುತ್ತವೆ, ಒತ್ತೊತ್ತಾದ ಗಂಟುಗಳಿರುವುದಿಲ್ಲ. ಗಂಟುಗಂಟಾದುದು ಅದೇ ಕುಲದ ಬೇರೊಂದು ಬಳ್ಳಿ. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿಯಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳನ್ನು ಪ್ರಕಟಿಸಿದಾಗ ಆಯುಷ್ ಸಚಿವಾಲಯವು ಈ ಗುರುತಿನ ಗೊಂದಲವನ್ನೇ ಎತ್ತಿ ತೋರಿಸಿತು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಹೊರಬಂದಿತು. ನಮ್ಮ ಶಾಸ್ತ್ರದ ಮೇಲಿನ ಅಭಿಮಾನದಿಂದ ಇದನ್ನು ತಳ್ಳಿಹಾಕುವ ಸಹೋದ್ಯೋಗಿಗಳಿದ್ದಾರೆ. ನಾವು ತಳ್ಳಿಹಾಕುವುದಿಲ್ಲ. ಥೈರಾಯ್ಡ್ ಮೊದಲಾದ ಸ್ವಯಂನಿರೋಧಕ ರೋಗವಿರುವವರು, ಯಕೃತ್ತಿನ ತೊಂದರೆ ಇದ್ದವರು, ಗರ್ಭಿಣಿಯರು ಅಮೃತಬಳ್ಳಿಯನ್ನು ತಾವಾಗಿ ಸೇವಿಸಕೂಡದು. ಉಳಿದವರೂ ವೈದ್ಯರು ಹೇಳಿದ ಅವಧಿಯನ್ನು ಮೀರಿ ಕುಡಿಯಬಾರದು. ಆ ತಾಯಿ ಕಷಾಯ ನಿಲ್ಲಿಸಿ, ಯಕೃತ್ ತಜ್ಞರ ಚಿಕಿತ್ಸೆ ಪಡೆದು ಗುಣಮುಖರಾದರು. ಮನೆಯ ಗೋಡೆಯ ಮೇಲೆ ಬೆಳೆದುದು ಎಂಬ ಕಾರಣಕ್ಕೆ ಯಾವುದೂ ನಿರಪಾಯವಾಗುವುದಿಲ್ಲ.

ಹೇಮಂತ ಮತ್ತು ಶಿಶಿರಗಳನ್ನು ಕುರಿತು ಹೇಳುವುದು ಕಡಿಮೆ, ಏಕೆಂದರೆ ಆ ನಾಲ್ಕು ತಿಂಗಳು ತೋಟವೇ ಎಲ್ಲವನ್ನೂ ಮಾಡುತ್ತದೆ. ಕಾರ್ತಿಕದಲ್ಲಿ ಬಿತ್ತಿದ ಮೆಂತ್ಯ ಇಪ್ಪತ್ತೈದು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಕೊತ್ತಂಬರಿಯ ಕಾಳನ್ನು ಎರಡು ಹೋಳಾಗುವಂತೆ ಉಜ್ಜಿ ಬಿತ್ತಬೇಕು, ಅಷ್ಟೆ. ಟೊಮೆಟೊ, ಬದನೆ, ಮೂಲಂಗಿ, ಗಜ್ಜರಿ, ಅವರೆ, ಹಕ್ಕರಿಕೆ ಎಲ್ಲವೂ ಈ ಚಳಿಗೆ ಹಿಗ್ಗುತ್ತವೆ. ಹೇಮಂತದಲ್ಲಿ ಅಗ್ನಿ ಬಲವಾಗಿರುವುದರಿಂದ ಎಳ್ಳು, ಅವರೆ, ಸಜ್ಜೆಯ ರೊಟ್ಟಿ, ಬೆಣ್ಣೆ ದಕ್ಕುತ್ತವೆ. ಎಳ್ಳ ಅಮಾವಾಸ್ಯೆಯ ಊಟ ಈ ಕಾಲಕ್ಕೆ ಬಂದಿರುವುದು ಕಾರಣವಿಲ್ಲದೆ ಅಲ್ಲ. ಅವರೆಯ ಕುಡಿಗೆ ಹೇನು ಹತ್ತಿದರೆ ರಭಸವಾಗಿ ನೀರು ಚಿಮ್ಮಿಸಿದರೆ ಬಹುಪಾಲು ಉದುರುತ್ತವೆ. ಎಲೆಯ ಮೇಲೆ ಬೂದಿ ರೋಗ ಕಂಡರೆ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಬಿಸಿಲಿನ ಹೊತ್ತಿನಲ್ಲಿ ಸಿಂಪಡಿಸಬೇಕು. ಬೇವಿನ ಎಣ್ಣೆಯಾದರೆ ಲೀಟರಿಗೆ ಐದು ಮಿಲಿಲೀಟರ್, ಸ್ವಲ್ಪ ಸಾಬೂನಿನ ನೀರಿನೊಡನೆ. ಹೊಲಕ್ಕೆ ತಂದ ಕೀಟನಾಶಕದ ಉಳಿಕೆಯನ್ನು ತಂಪು ಪಾನೀಯದ ಬಾಟಲಿಯಲ್ಲಿ ತುಂಬಿ ಅಡುಗೆಮನೆಯ ಕಿಟಕಿಯಲ್ಲಿಟ್ಟು ಕರಿಬೇವಿಗೆ ಹೊಡೆಯುವವರನ್ನು ನಾವು ಬಲ್ಲೆವು. ಅಂಥ ಬಾಟಲಿ ಮನೆಯಲ್ಲಿದ್ದರೆ ಈ ಲೇಖನವನ್ನು ಕೆಳಗಿಟ್ಟು ಮೊದಲು ಅದನ್ನು ಮಕ್ಕಳ ಕೈಗೆ ಎಟುಕದಂತೆ ಬೀಗದೊಳಗೆ ಇಡಿರಿ.

ವಸಂತದಲ್ಲಿ ಕಫವು ಕರಗಿ ನೆಗಡಿ, ಕೆಮ್ಮು ಹೆಚ್ಚುತ್ತವೆ. ದೊಡ್ಡಪತ್ರೆ, ತುಳಸಿ, ಆಡುಸೋಗೆಗಳು ಆಗ ಕೈಗೆ ಒದಗುತ್ತವೆ. ದಾಸವಾಳಕ್ಕೂ ಪರಂಗಿಗೂ ಬಿಳಿಯ ಹಿಟ್ಟುತಿಗಣೆ ಏರುವುದೂ ಈ ಒಣಹವೆಯಲ್ಲಿಯೇ. ಹಿಂದೆ ಪರಂಗಿಯ ಹಿಟ್ಟುತಿಗಣೆ ರಾಜ್ಯದ ತೋಟಗಳನ್ನೆಲ್ಲ ಹಾಳುಮಾಡಿದಾಗ, 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ, ಕಣ್ಣಿಗೆ ಕಾಣದಷ್ಟು ಸಣ್ಣ ಪರಾವಲಂಬಿ ಕಣಜವೊಂದನ್ನು ಬೆಂಗಳೂರಿನ ವಿಜ್ಞಾನಿಗಳು ಬಿಡುಗಡೆ ಮಾಡಿ ಅದನ್ನು ಹತೋಟಿಗೆ ತಂದರು. ಔಷಧ ಹೊಡೆದು ಸೋತವರು ಕಣಜದಿಂದ ಗೆದ್ದರು. ಕಂಡ ಹುಳವನ್ನೆಲ್ಲ ಕೊಲ್ಲುವ ಆತುರ ಬೇಡವೆನ್ನಲು ಈ ಸಂಗತಿಯನ್ನು ನೆನಪಿಸಿದೆವು.

ಪೂಜೆಯ ಹೂವುಪತ್ರೆಗಾಗಿ ಅನೇಕ ಮನೆಗಳಲ್ಲಿ ಬಿಲ್ವ, ತುಂಬೆಗಳೊಡನೆ ಕಣಗಿಲೆಯೂ ಇರುತ್ತದೆ. ಕಣಗಿಲೆಯ ಎಲೆ, ಹೂ, ತೊಗಟೆ, ಬೇರು ಎಲ್ಲವೂ ಹೃದಯಕ್ಕೆ ವಿಷ. ಹಳದಿ ಕಣಗಿಲೆಯ ಬೀಜವಂತೂ ಇನ್ನೂ ಘೋರ. ಅಂಬೆಗಾಲಿಡುವ ಕೂಸು, ಆಡಿನ ಮರಿ ಇರುವ ಮನೆಯವರು ಅದನ್ನು ಬೇಲಿಯಾಚೆ ಬೆಳೆಸಲಿ. ಹೂ ಕಿತ್ತ ಕೈಯನ್ನು ತೊಳೆದು ಮುಂದಿನ ಕೆಲಸಕ್ಕೆ ಹೋಗಲಿ.

ಒಂದು ಋತುವಿನಿಂದ ಇನ್ನೊಂದಕ್ಕೆ ಹೋಗುವಾಗ ಮುಗಿಯುವ ಋತುವಿನ ಕೊನೆಯ ಏಳು ದಿನ, ಬರುವ ಋತುವಿನ ಮೊದಲ ಏಳು ದಿನ ಸೇರಿ ಋತುಸಂಧಿ ಎಂದು ವಾಗ್ಭಟರು ಕರೆದಿದ್ದಾರೆ. ಹಳೆಯ ಆಹಾರವಿಹಾರವನ್ನು ಮೆಲ್ಲಮೆಲ್ಲನೆ ಬಿಟ್ಟು ಹೊಸದನ್ನು ಮೆಲ್ಲಮೆಲ್ಲನೆ ಹಿಡಿಯಬೇಕೆಂಬುದು ಅಲ್ಲಿನ ವಿಧಿ. ಸಸಿಗೂ ಇದು ಒಪ್ಪುತ್ತದೆ. ನೆರಳಿನಲ್ಲಿ ಬೆಳೆದುದನ್ನು ಒಮ್ಮೆಲೇ ಬಿಸಿಲಿಗಿಡದೆ ದಿನಕ್ಕೊಂದು ತಾಸು ಹೆಚ್ಚಿಸುತ್ತ ಹೋದರೆ ಎಲೆ ಸುಡುವುದಿಲ್ಲ.

ಈ ಸಲ ಮಳೆ ಎಂಟು ದಿನ ಮೊದಲೇ ಬಂದಿದೆ. ಹಾಗಲದ ಬೀಜ ಮೊಳೆತಿದೆ, ಚವಳಿಯನ್ನು ಇಲಿ ತಿಂದಿರುವುದರಿಂದ ಮತ್ತೆ ಹಾಕಬೇಕು. ಭಾನುವಾರ ಬೆಳಿಗ್ಗೆ ಮೊಮ್ಮಗ ಟಾರ್ಚ್ ಹಿಡಿದು ಮಾಳಿಗೆ ಹತ್ತುತ್ತಾನೆ. ಕುಂಡಗಳ ಸಂದಿ, ಪೀಪಾಯಿಯ ಬಟ್ಟೆ, ನೀರಿಳಿಯುವ ಕೊಳವೆಯ ಬಾಯಿ, ಪಕ್ಷಿಗಳಿಗೆಂದು ಇಟ್ಟ ಬಟ್ಟಲು, ಒಂದನ್ನೂ ಬಿಡದೆ ನೋಡುತ್ತಾನೆ. ಕಳೆದ ವಾರ ಆ ಬಟ್ಟಲಿನಲ್ಲಿ ಎರಡು ಮರಿಗಳು ಸಿಕ್ಕವು. “ಅಜ್ಜಾ, ಇದನ್ನ ನೀ ತೊಳದಿಲ್ಲ” ಎಂದ. ತೊಳೆದಿರಲಿಲ್ಲ.